ಕ್ಲಚ್ ಪ್ಲೇಟಿಗಾಗಿ ಎಂಜಿನ್ ಇಳಿಸಬೇಕಾ?

ಅಷ್ಟಮಿ ಮುಗಿದು ಮಳೆ ಒಂಚೂರು ಹಿಂದೆ ಸರಿದರೆ ಸಾಕು, ಅಂಗಳದಲ್ಲಿ ಕಾರು ಬಿಚ್ಚುವವರ ಪತ್ರಗಳು ಬರಲು ಶುರುವಾಗುತ್ತವೆ. ಈ ಸಲ ಆರಿಸಿದ ನಾಲ್ಕೂ ಕ್ಲಚ್ಚಿನವೇ. ಮೊದಲ ಪತ್ರಕ್ಕೆ ಉತ್ತರ ಉದ್ದವಾಯಿತು. ಹಲಸಿನ ಮರದ ಹೆಸರೆತ್ತಿದ ಮೇಲೆ ನನಗೆ ಸುಮ್ನೆ ಇರಲಿಕ್ಕೆ ಆಗಲಿಲ್ಲ.

ನನ್ನಲ್ಲಿ 1998ರ ಮಾರುತಿ 800 ಉಂಟು. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಏರುವುದಿಲ್ಲ. ಮೆಕ್ಯಾನಿಕ್ ನೋಡಿ, ಕ್ಲಚ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು. ನಾನು ಮತ್ತು ಭಾವ ಸೇರಿ ಮನೆಯಲ್ಲೇ ಇಳಿಸುವ ಯೋಚನೆಯಲ್ಲಿದ್ದೇವೆ. ಅಂಗಳದಲ್ಲಿ ದೊಡ್ಡ ಹಲಸಿನ ಮರ ಉಂಟು. ಭಾರ ಎತ್ತುವ ಚೈನ್ ಬ್ಲಾಕ್ ಮಲ್ಪೆಯಲ್ಲಿ ಪರಿಚಯದವರಿಂದ ತರಬಹುದು. ಆಗುತ್ತದಾ?
— ಓದುಗರು, ಕಾಪು

ಆಗುತ್ತದೆ ಮಾರಾಯ್ರೇ, ಆದರೆ ಯಾಕೆ?

1984ರಲ್ಲಿ ಪರ್ಕಳದ ನಮ್ಮ ಮನೆಯ ಅಂಗಳದಲ್ಲಿ ನಾನೂ ನನ್ನ ಗೆಳೆಯನೂ ಒಂದು ಫಿಯಟ್ಟಿನ ಎಂಜಿನ್ ಎತ್ತಿದೆವು. ಅದೂ ಕ್ಲಚ್ ಪ್ಲೇಟಿಗಾಗಿಯೇ. ಅದೂ ಹಲಸಿನ ಮರಕ್ಕೇ. ಚೈನ್ ಬ್ಲಾಕ್ ಸಿಕ್ಕಿತ್ತು, ಆದರೆ ಕೊಂಬೆಗೆ ಕಟ್ಟಲು ಚೈನ್ ಗಿಡ್ಡವಾಯಿತು. ಹಾಗಾಗಿ ಬೋಟಿನ ಹಳೆ ನೈಲಾನ್ ಹಗ್ಗ ಸುತ್ತಿದೆವು. ನೈಲಾನ್ ಹಗ್ಗ ಸುಲಭಕ್ಕೆ ತುಂಡಾಗುವುದಿಲ್ಲ, ಹಿಗ್ಗುತ್ತದೆ. ಅದು ನಮಗೆ ಗೊತ್ತಿರಲಿಲ್ಲ. ಗೆಳೆಯ ಚೈನ್ ಎಳೆಯುತ್ತಿದ್ದಾನೆ, ಹಗ್ಗ ಉದ್ದವಾಗುತ್ತಿದೆ, ಕೊಂಬೆ ಬಾಗುತ್ತಿದೆ, ಎಂಜಿನ್ ಇದ್ದಲ್ಲೇ ಉಂಟು. ಕೊನೆಗೆ ಒಂದೇ ಸಲ ಎದ್ದಿತು. ಎದ್ದದ್ದು ನೇರ ನಿಲ್ಲಲಿಲ್ಲ, ಓಲಾಡಿತು. ರೇಡಿಯೇಟರಿಗೆ ಗುದ್ದಿ, ಬಂಪರ್ ದಾಟಿ, ಅಮ್ಮ ಚಾಪೆಯಲ್ಲಿ ಒಣಗಲು ಹಾಕಿದ್ದ ಹಲಸಿನ ಹಪ್ಪಳದ ಮೇಲೆ ಮೆಲ್ಲನೆ ಕೂತಿತು. ಆ ವರ್ಷ ನಮ್ಮ ಮನೆಯ ಹಪ್ಪಳಕ್ಕೆ ಎಂಜಿನ್ ಆಯಿಲಿನ ವಾಸನೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೊಸ ಪ್ಲೇಟ್ ಹಾಕಿ, ಎಂಜಿನ್ ಕೂರಿಸಿ, ಮೂರನೇ ದಿನ ಸ್ಟಾರ್ಟ್ ಮಾಡಿದರೆ ಗೇರ್ ಬೀಳುವುದೇ ಇಲ್ಲ. ಪ್ಲೇಟನ್ನು ಉಲ್ಟಾ ಹಾಕಿದ್ದೆವು. ಪುನಃ ಬಿಚ್ಚಿದೆವು. ಈ ಸಲ ನೋಡಲು ಬಂದ ಹಿರಿಯ ಮೆಕ್ಯಾನಿಕ್ ಒಬ್ಬರು ಬೀಡಿ ಕಚ್ಚಿಕೊಂಡೇ ಕೇಳಿದರು: "ಗೇರ್‌ಬಾಕ್ಸ್ ಇಳಿಸಿದ್ದರೆ ಆಗುತ್ತಿತ್ತಲ್ಲ, ಎಂಜಿನ್ ಯಾಕೆ ಎತ್ತಿದ್ದು?" ನಮ್ಮಲ್ಲಿ ಉತ್ತರ ಇರಲಿಲ್ಲ.

ನಿಮ್ಮ ಕಾರಿಗೂ ಅದೇ ಮಾತು. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ, ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಇರುವುದು ಎರಡರ ಸಂದಿಯಲ್ಲಿ. ಯಾವುದಾದರೂ ಒಂದು ಸರಿದರೆ ಸಾಕು. ಸುಲಭದಲ್ಲಿ ಯಾವುದು ಸರಿಯುತ್ತದೋ ಅದನ್ನು ಸರಿಸಬೇಕು. ಮಾರುತಿ 800ರಲ್ಲಿ ಎಂಜಿನ್ ಅಡ್ಡಕ್ಕೆ ಕೂತಿದೆ, ಗೇರ್‌ಬಾಕ್ಸ್ ಅದರ ಪಕ್ಕಕ್ಕೆ ಅಂಟಿಕೊಂಡಿದೆ. ಗೇರ್‌ಬಾಕ್ಸ್ ಅಲ್ಯೂಮಿನಿಯಂನದ್ದು, ಇಬ್ಬರು ಹಿಡಿದರೆ ಕೆಳಗೆ ಬರುತ್ತದೆ. ಮೂರು ಸಿಲಿಂಡರಿನ ಆ 796 ಸಿ.ಸಿ. ಎಂಜಿನ್ ಇದ್ದಲ್ಲೇ ಇರಲಿ. ನಿಮ್ಮ ಮೆಕ್ಯಾನಿಕ್ "ಎಂಜಿನ್ ಇಳಿಸಬೇಕು" ಅಂದದ್ದು ಬಹುಶಃ ಮಾತಿನ ರೂಢಿ. ನಮ್ಮಲ್ಲಿ ಬಾನೆಟ್ಟಿನ ಒಳಗಿರುವುದೆಲ್ಲ ಎಂಜಿನ್ನೇ ಅಲ್ವಾ?

ಅದಕ್ಕೂ ಮೊದಲು, ಕ್ಲಚ್ ನಿಜವಾಗಿ ಹೋಗಿದೆಯಾ ನೋಡಿ. 800ರದ್ದು ಕೇಬಲ್ ಕ್ಲಚ್. ಪೆಡಲನ್ನು ಕೈಯಿಂದ ಒತ್ತಿ. ಮೊದಲು ಒಂದು ಬೆರಳಿನ ಅಗಲದಷ್ಟು ಖಾಲಿ ಹೋಗಬೇಕು, ಆಮೇಲೆ ಬಿಗಿ ಸಿಗಬೇಕು. ಪ್ಲೇಟ್ ಸವೆದ ಹಾಗೆ ಈ ಖಾಲಿ ಜಾಗ ಕಮ್ಮಿಯಾಗುತ್ತಾ ಬರುತ್ತದೆ. ಪೂರ್ತಿ ಮುಗಿದರೆ, ನೀವು ಕಾಲಿಡದಿದ್ದರೂ ಕೇಬಲ್ ಕ್ಲಚ್ಚನ್ನು ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ಆಗ ಒಳ್ಳೆ ಪ್ಲೇಟೂ ಜಾರುತ್ತದೆ. ಕೇಬಲ್ಲಿನ ತುದಿಯ ನಟ್ಟನ್ನು ನಾಲ್ಕು ಸುತ್ತು ಸಡಿಲ ಮಾಡಿದ್ದಕ್ಕೇ ಸರಿಯಾದ ಕಾರುಗಳನ್ನು ನಾನು ಎಷ್ಟೋ ನೋಡಿದ್ದೇನೆ. ನಟ್ ಸಡಿಲ ಮಾಡಿಯೂ ಜಾರಿದರೆ ಈ ಪರೀಕ್ಷೆ ಮಾಡಿ: ಸಮತಟ್ಟು ಜಾಗ, ಚಕ್ರಕ್ಕೆ ಅಡ್ಡ ಕಲ್ಲು, ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡಿ. ಎಂಜಿನ್ ಗಕ್ಕನೆ ನಿಂತರೆ ಕ್ಲಚ್ ಹಿಡಿಯುತ್ತಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟ್ ಹೋಗಿದೆ. ಒಂದೇ ಸಲ ಸಾಕು. ಪುನಃ ಪುನಃ ಮಾಡಿ ಉಳಿದದ್ದನ್ನೂ ಸುಡಬೇಡಿ.

ಹೋಗಿದೆ ಅಂತಾದರೆ ಕೆಲಸಕ್ಕೆ ಇಳಿಯಿರಿ. ಎರಡು ದಿನ ಇಟ್ಟುಕೊಳ್ಳಿ. ಗ್ಯಾರೇಜಿನವರು ಅರ್ಧ ದಿನದಲ್ಲಿ ಮಾಡುತ್ತಾರೆ, ಅದನ್ನು ನೋಡಿ ನೀವು ಹೋಲಿಸಬೇಡಿ. ಬೋಲ್ಟುಗಳಿಗೆಲ್ಲ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಕಾಪು ಅಂದರೆ ಕಡಲ ಬದಿ. ಉಪ್ಪು ಗಾಳಿಗೆ ಇಪ್ಪತ್ತೈದು ವರ್ಷ ಕೂತ ಬೋಲ್ಟ್ ಬೆಳಿಗ್ಗೆ ಬಾ ಅಂದರೆ ಬರುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು. ಕಾರನ್ನು ಎತ್ತಿ ಯಾವುದರ ಮೇಲೆ ನಿಲ್ಲಿಸುತ್ತೀರಿ? ನಮ್ಮ ಕಡೆ ಎಲ್ಲರ ಅಂಗಳದಲ್ಲೂ ನಾಲ್ಕು ಮುರಕಲ್ಲು, ಅಂದರೆ ಗೋಡೆ ಕಟ್ಟುವ ಜಂಬಿಟ್ಟಿಗೆ ಕಲ್ಲು, ಬಿದ್ದಿರುತ್ತದೆ. ಕೈಗೆ ಸಿಗುವುದೂ ಅದೇ. ದಯಮಾಡಿ ಅದನ್ನು ಕಾರಿನಡಿ ಇಡಬೇಡಿ. ಗೋಡೆಗೆ ಕಟ್ಟಿದಾಗ ಭಾರ ಕಲ್ಲಿನ ಮೈ ಪೂರ್ತಿ ಹರಡಿರುತ್ತದೆ, ಮುರಕಲ್ಲು ತಡೆಯುತ್ತದೆ. ಕಾರಿನ ಚಾಸಿಸ್ಸಿನ ಅಂಚು ಒಂದೇ ಕಡೆ ಕೂತರೆ, ಅದೂ ಮಳೆ ನೀರು ಕುಡಿದ ಕಲ್ಲಾದರೆ, ಹೇಳದೆ ಕೇಳದೆ ಎರಡಾಗುತ್ತದೆ. ಅಡಿಯಲ್ಲಿ ನೀವಿರುತ್ತೀರಿ. 800 ಸಣ್ಣ ಕಾರು ಅನ್ನಿಸಿದರೂ ತೂಕ ಸುಮಾರು 650 ಕಿಲೋ. ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ಎರಡು ಬಾಡಿಗೆಗಾದರೂ ತನ್ನಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಕೈಯನ್ನೂ ಹಾಕಬೇಡಿ. ಮಳೆಗೆ ಮೆತ್ತಗಾದ ಮಣ್ಣಿನಲ್ಲಿ ಸ್ಟ್ಯಾಂಡ್ ಹೂತು ಹೋಗುತ್ತದೆ, ಅಡಿಗೆ ದಪ್ಪ ಹಲಗೆ ಹಾಕಿ. ಪಾಚಿ ಕಟ್ಟಿದ ಅಂಗಳವಾದರೆ ಮೊದಲು ಉಜ್ಜಿ ತೊಳೆಯಿರಿ.

ಬ್ಯಾಟರಿಯ ತಂತಿ ತೆಗೆಯಿರಿ. ಗೇರ್ ಆಯಿಲ್ ಇಳಿಸಿ. ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ವಯರ್, ಗೇರಿನ ರಾಡುಗಳು, ಸ್ಟಾರ್ಟರ್ ಮೋಟಾರ್ ಒಂದೊಂದಾಗಿ ಬಿಚ್ಚಿ. ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ ಚಕ್ರದ ಕಡೆಯನ್ನು ಹೊರಗೆ ಎಳೆದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಹೊರಗೆ ಬರಲು ಜಾಗ ಸಿಗುತ್ತದೆ. ಶಾಫ್ಟನ್ನು ಗೇರ್‌ಬಾಕ್ಸಿನಿಂದ ಲಿವರ್ ಹಾಕಿ ಎಬ್ಬಿಸಬೇಕು, ರಬ್ಬರ್ ಬೂಟ್ ಹಿಡಿದು ಎಳೆಯಬಾರದು. ಎಳೆದರೆ ಒಳಗಿನ ಜಾಯಿಂಟ್ ಕಳಚುತ್ತದೆ, ಆಮೇಲೆ ಅದೇ ಒಂದು ಬೇರೆ ಕೆಲಸ.

ಗೇರ್‌ಬಾಕ್ಸನ್ನು ಕಾರಿಗೆ ಹಿಡಿದಿಡುವ ಮೌಂಟಿಂಗ್ ಬಿಚ್ಚುವ ಮೊದಲು ಎಂಜಿನ್ನಿಗೆ ಆಧಾರ ಕೊಡಿ. ನಿಮ್ಮ ಚೈನ್ ಬ್ಲಾಕಿಗೆ ಕೆಲಸ ಇಲ್ಲ. ಬಾನೆಟ್ಟಿನ ಎರಡು ಬದಿಯ ಗಟ್ಟಿ ಜಾಗದ ಮೇಲೆ ಅಡ್ಡಕ್ಕೆ ಒಂದು ಒಳ್ಳೆ ಮರದ ಪಕ್ಕಾಸು ಇಟ್ಟು ಅದರಿಂದ ಎಂಜಿನ್ನನ್ನು ಚೈನಿನಲ್ಲಿ ತೂಗುಹಾಕಬಹುದು. ಇಲ್ಲದಿದ್ದರೆ ಅಡಿಯಿಂದ ಜಾಕ್. ಜಾಕ್ ಕೊಟ್ಟರೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಸಂಪಿಗೂ ಜಾಕಿಗೂ ನಡುವೆ ಅಗಲ ಹಲಗೆ ಇರಲೇಬೇಕು. ಇಲ್ಲದಿದ್ದರೆ ಸಂಪ್ ಒಳಗೆ ತಗ್ಗಾಗಿ ಆಯಿಲ್ ಎಳೆಯುವ ಜಾಲರಿಗೆ ತಾಗುತ್ತದೆ. ನೈಲಾನ್ ಹಗ್ಗ ಬೇಡ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ಗೇರ್‌ಬಾಕ್ಸ್ ಇಳಿದ ಮೇಲೆ ಒಳಗೆ ಕಪ್ಪು ಧೂಳು ಕಾಣುತ್ತದೆ. ಊದಬೇಡಿ, ಕಂಪ್ರೆಸರ್ ಗಾಳಿಯನ್ನೂ ಹೊಡೆಯಬೇಡಿ. ಹಳೆ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಉಸಿರಿನಲ್ಲಿ ಒಳಗೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಬಿಸಾಡಿ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಸ್ಪ್ರಿಂಗಿನ ಒತ್ತಡಕ್ಕೆ ಅದು ಸೊಟ್ಟಗಾಗುತ್ತದೆ.

ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿ. ರಿವೆಟ್ ಮೇಲಕ್ಕೆ ಬಂದಿದ್ದರೆ ಸವೆದು ಹೋದದ್ದು. ಸವೆಯದೆ ಕಪ್ಪಗೆ ಜಿಡ್ಡಾಗಿದ್ದರೆ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆ ಎಂದರ್ಥ. ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಮುಂದಿನ ಅಷ್ಟಮಿಗೆ ಪುನಃ ಇದೇ ಕೆಲಸ. ಪ್ಲೇಟ್ ಒತ್ತಿ ಕೂರುವ ಎಂಜಿನ್ನಿನ ಭಾರದ ಚಕ್ರ, ಅಂದರೆ ಫ್ಲೈವೀಲಿನ ಮೈಯಲ್ಲಿ ನೀಲಿ ಕಲೆ, ಕೂದಲೆಳೆಯಂಥ ಬಿರುಕು ಇದ್ದರೆ ಲೇತಿನವರಿಗೆ ತೋರಿಸಿ. ಪ್ಲೇಟ್, ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಬೇರಿಂಗ್ ಇನ್ನೂ ಚೆನ್ನಾಗಿದೆ ಅಂತ ಉಳಿಸಿಕೊಂಡು, ಪೆಟ್ರೋಲಿನಲ್ಲಿ ತೊಳೆದು ಹಾಕುವವರು ಇದ್ದಾರೆ. ಅದರ ಗ್ರೀಸ್ ಒಳಗೇ ಮುಚ್ಚಿಟ್ಟದ್ದು. ತೊಳೆದರೆ ಗ್ರೀಸೂ ಹೋಯಿತು, ಬೇರಿಂಗೂ ಹೋಯಿತು.

ಹೊಸ ಪ್ಲೇಟಿನ ಯಾವ ಮುಖ ಯಾವ ಕಡೆಗೆ? ನಡುವಿನ ಉಬ್ಬು ಭಾಗ ಪ್ರೆಶರ್ ಪ್ಲೇಟಿನ ಕಡೆ, ಅಂದರೆ ಗೇರ್‌ಬಾಕ್ಸಿನ ಕಡೆ. ಕೆಲವು ಪ್ಲೇಟಿನ ಮೇಲೆ ಬರೆದೂ ಇರುತ್ತದೆ. ಹಳೆಯದನ್ನು ತೆಗೆಯುವಾಗಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. 1984ರಲ್ಲಿ ನಮಗೆ ಆ ಭಾಗ್ಯ ಇರಲಿಲ್ಲ.

ಬೋಲ್ಟ್ ಬಿಗಿ ಮಾಡುವ ಮೊದಲು ಪ್ಲೇಟ್ ಸರಿಯಾಗಿ ನಡುವಿಗೆ ಬರಬೇಕು. ಅಂಗಡಿಯಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ಕೋಲು ಸಿಗುತ್ತದೆ. ಸಿಗದಿದ್ದರೆ ಪೇರಳೆ ಮರದ ನೇರ ಕೋಲೊಂದನ್ನು ಕೆತ್ತಿ, ಪ್ಲೇಟಿನ ತೂತಿಗೆ ಬಿಗಿಯಾಗುವಷ್ಟು ಟೇಪ್ ಸುತ್ತಿ. ನಾನು ಇಟ್ಟುಕೊಂಡದ್ದು ಅಂಥದ್ದೇ ಒಂದು, ಎಷ್ಟೋ ವರ್ಷ ಬಂತು. ನಡುವಿಗೆ ಬರದಿದ್ದರೆ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದಿಲ್ಲ. ಆಗ ಎಲ್ಲರೂ ಮಾಡುವ ತಪ್ಪು ಒಂದುಂಟು: ಇನ್ನು ಅರ್ಧ ಇಂಚು ತಾನೆ, ಬೋಲ್ಟ್ ಹಾಕಿ ಎಳೆದರೆ ಬರುತ್ತದೆ ಅಂತ ತಿರುಗಿಸುವುದು. ಬರುವುದಿಲ್ಲ. ಗೇರ್‌ಬಾಕ್ಸಿನ ಕಿವಿ ಮುರಿಯುತ್ತದೆ. ಬೋಲ್ಟ್ ಇರುವುದು ಬಿಗಿಯಾಗಿ ಇಡಲಿಕ್ಕೆ, ಒಳಗೆ ಎಳೆಯಲಿಕ್ಕೆ ಅಲ್ಲ. ಒಬ್ಬರು ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸಮನಾಗಿ ಹಿಡಿದಿರಬೇಕು, ಇನ್ನೊಬ್ಬರು ಎಂಜಿನ್ನಿನ ಪುಲ್ಲಿಯನ್ನು ಸ್ಪ್ಯಾನರಿನಲ್ಲಿ ಒಂಚೂರು ತಿರುಗಿಸಬೇಕು. ಹಲ್ಲಿಗೆ ಹಲ್ಲು ಸಿಕ್ಕಿದ ಕ್ಷಣ ಅದಾಗಿಯೇ ಸರ್ರನೆ ಒಳಗೆ ಹೋಗುತ್ತದೆ. ಆ ಸದ್ದು ಕೇಳುವುದೇ ಒಂದು ಖುಷಿ.

ಡ್ರೈವ್ ಶಾಫ್ಟುಗಳನ್ನು ಹಾಕುವ ಮೊದಲು ಎರಡು ಬದಿಯ ಆಯಿಲ್ ಸೀಲ್ ಹೊಸದು ಹಾಕಿ. ಕೊನೆಗೆ ಗೇರ್ ಆಯಿಲ್ ತುಂಬಿಸಲು ಮರೆಯಬೇಡಿ. ಮರೆತವರು ಇದ್ದಾರೆ. ಹೆಸರು ಹೇಳುವುದಿಲ್ಲ, ನನ್ನ ಮನೆಯವರೇ.

ಭಾವನ ಹತ್ತಿರ ಇದೆಲ್ಲ ಓದಿಸಿ. ಓದಿದ ಮೇಲೂ ಅವರಿಗೆ ಉತ್ಸಾಹ ಇದ್ದರೆ ಶುರು ಮಾಡಿ. ಮುಖ ಸಪ್ಪಗಾದರೆ ಗ್ಯಾರೇಜಿಗೆ ಕೊಡಿ, ಆದರೆ "ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಹಾಕಿ" ಅಂತ ಹೇಳಿ ಕೊಡಿ.

ಅಜ್ಜ ಬೊಂಬಾಯಿಯಿಂದ ತಂದ 1965ರ ಫೋಕ್ಸ್‌ವ್ಯಾಗನ್ ಬೀಟಲ್ ನಮ್ಮಲ್ಲಿದೆ. ಹೊರಡುವಾಗ ಗಡಗಡ ನಡುಗುತ್ತದೆ, ಈಗೀಗ ಜಾರಲೂ ಶುರುವಾಗಿದೆ. ಕ್ಲಚ್ ಬದಲಿಸಲು ಇದರ ಎಂಜಿನ್ ಇಳಿಸಲೇಬೇಕು ಅಂತ ಕೇಳಿದ್ದೇನೆ. ನಿಜವಾ? ಮನೆಯಲ್ಲಿ ಸಾಧ್ಯವಾ?
— ಓದುಗರು, ಬಿಜೈ, ಮಂಗಳೂರು

ನಿಜ. ಮೇಲಿನ ಉತ್ತರದಲ್ಲಿ ಸುಲಭದಲ್ಲಿ ಸರಿಯುವುದನ್ನು ಸರಿಸಿ ಅಂದೆನಲ್ಲ, ಬೀಟಲ್‌ನಲ್ಲಿ ಸುಲಭದಲ್ಲಿ ಸರಿಯುವುದು ಎಂಜಿನ್ನೇ. ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವೆ ಚಾಸಿಸ್ಸಿನ ಕವಲಿಗೆ ಕಚ್ಚಿಕೊಂಡಿದೆ. ಅದರ ಹಿಂದೆ, ಬಾಲದ ಹಾಗೆ, ಎಂಜಿನ್. ಹಿಡಿದಿರುವುದು ನಾಲ್ಕೇ ನಾಲ್ಕು ಕಡೆ, ಬಿಚ್ಚಲು 17 ಮಿ.ಮೀ. ಸ್ಪ್ಯಾನರ್. ಗಾಳಿಯಲ್ಲೇ ತಣಿಯುವ ಎಂಜಿನ್, ಹಾಗಾಗಿ ರೇಡಿಯೇಟರ್ ಇಲ್ಲ, ನೀರಿನ ಹೋಸ್ ಇಲ್ಲ. ತೂಕ ಸುಮಾರು 100 ಕಿಲೋ. 2003ರಲ್ಲಿ ಮೆಕ್ಸಿಕೋದ ಪುಯೆಬ್ಲಾದಲ್ಲಿ ಕೊನೆಯ ಹಳೆ ಬೀಟಲ್ ಹೊರಬಂದಾಗಲೂ ಎಂಜಿನ್ ಇದ್ದದ್ದು ಹಿಂದೆಯೇ.

ಅಭ್ಯಾಸ ಇದ್ದವರು ಅರ್ಧ ಗಂಟೆಯಲ್ಲಿ ಹೊರಗೆ ತೆಗೆಯುತ್ತಾರೆ. ನಾನು ಮೊದಲ ಸಲ ತೆಗೆದದ್ದು ಐದು ಗಂಟೆಯಲ್ಲಿ.

ನಿಮ್ಮ ಎರಡು ದೂರುಗಳನ್ನು ಬೇರೆಬೇರೆ ನೋಡಿ. ಜಾರುವುದಕ್ಕೆ ಕಾರಣ ಪ್ಲೇಟ್ ಇರಬಹುದು. ಆದರೆ ನಡುಕಕ್ಕೆ ಎಂಜಿನ್ ಇಳಿಸದೆಯೇ ಮದ್ದು ಇರಬಹುದು. ಕಾರಿನಡಿ ಎಡಗಡೆ, ಗೇರ್‌ಬಾಕ್ಸಿನ ಹತ್ತಿರ, ಕ್ಲಚ್ ಕೇಬಲ್ ಒಂದು ಬಾಗಿದ ಕೊಳವೆಯೊಳಗಿಂದ ಹಾದು ಬರುತ್ತದೆ. ಆ ಕೊಳವೆಗೆ ಒಂದು ಲೆಕ್ಕದ ಬಾಗು ಇರಲೇಬೇಕು, 25ರಿಂದ 45 ಮಿ.ಮೀ. ಒಳಗೆ. ನೇರವಾಗಿದ್ದರೆ ಎಂಜಿನ್ ಅಲುಗಿದಾಗಲೆಲ್ಲ ಕೇಬಲ್ ಎಳೆದು ಬಿಟ್ಟು ಆಗುತ್ತದೆ, ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಗೇರ್‌ಬಾಕ್ಸಿನ ರಬ್ಬರ್ ಮೌಂಟಿಂಗ್ ಸತ್ತಿದ್ದರೂ ಹೀಗೇ. ಪೆಡಲಿನಲ್ಲಿ 10ರಿಂದ 20 ಮಿ.ಮೀ. ಖಾಲಿ ಆಟ ಇದೆಯಾ, ಅದನ್ನೂ ನೋಡಿ. ಕೇಬಲ್ಲಿನ ತುದಿಯಲ್ಲಿ ಕೈಯಿಂದಲೇ ತಿರುಗಿಸುವ ಚಿಟ್ಟೆ ನಟ್ ಉಂಟು.

ಇಳಿಸುವುದೇ ಅಂತಾದರೆ, ಬ್ಯಾಟರಿ ಹಿಂದಿನ ಸೀಟಿನಡಿ ಇದೆ, ಮೊದಲು ಅದರ ತಂತಿ ತೆಗೆಯಿರಿ. ಪ್ರತಿ ವಯರಿಗೂ ಕಾಗದದ ಟೇಪ್ ಅಂಟಿಸಿ ಯಾವುದು ಎಲ್ಲಿಯದು ಅಂತ ಬರೆಯಿರಿ. ನೆನಪಿರುತ್ತದೆ ಅಂದುಕೊಳ್ಳುತ್ತೇವೆ, ಇರುವುದಿಲ್ಲ. ಏರ್ ಕ್ಲೀನರ್ ತೆಗೆದು, ಕಾರ್ಬ್ಯುರೇಟರಿನಿಂದ ಆಕ್ಸಿಲರೇಟರ್ ಕೇಬಲ್ ಬಿಡಿಸಿ. ಹೀಟರಿನ ಕೊಳವೆ, ಕೇಬಲ್‌ಗಳು ಅಡಿಯಲ್ಲಿವೆ. ಮಂಗಳೂರಿನಲ್ಲಿ ಕಾರಿಗೆ ಹೀಟರ್ ಯಾಕೆ ಅಂತ ಹಿಂದಿನವರು ಯಾರಾದರೂ ಆಗಲೇ ಕಿತ್ತು ಹಾಕಿದ್ದರೂ ಆಶ್ಚರ್ಯ ಇಲ್ಲ.

ಪೆಟ್ರೋಲ್ ಪೈಪ್ ಬಿಡಿಸಿದಾಗ ಟ್ಯಾಂಕಿನಿಂದ ಸುರಿಯುತ್ತಲೇ ಇರುತ್ತದೆ. ಸರಿಯಾಗಿ ಕೂರುವ ಒಂದು ಬೋಲ್ಟ್ ತುರುಕಿ ಬಿಗಿಯಿರಿ. ಹಳೆ ಮನೆಯಾದರೆ ಬಚ್ಚಲಿನ ಹಂಡೆಯ ಒಲೆ ಎಲ್ಲಿದೆ ನೋಡಿಕೊಳ್ಳಿ. ಸಂಜೆ ಯಾರೋ ನೀರು ಕಾಯಿಸಲು ಬೆಂಕಿ ಹಾಕಿದರು, ಈಚೆ ಪೆಟ್ರೋಲ್ ತೊಟ್ಟಿಕ್ಕುತ್ತಿದೆ ಅಂತ ಆಗಬಾರದು. ಹೇಗೂ ಎಂಜಿನ್ ಹೊರಗೆ ಬರುತ್ತದಲ್ಲ, ರಬ್ಬರ್ ಪೈಪುಗಳನ್ನೆಲ್ಲ ಹೊಸದು ಹಾಕಿ. ಹಳೆ ಬೀಟಲ್‌ಗಳು ಬೆಂಕಿ ಹಿಡಿಯುವುದು ಜಾಸ್ತಿ ಆ ಪೈಪ್ ಒಣಗಿ ಬಿರಿದೇ.

ಗಾಲಿ ಇರುವ ಜಾಕ್ ಬೇಕು, ಅದರ ಮೇಲೆ ಹಲಗೆ. ಜಾಕನ್ನು ಎಂಜಿನ್ನಿನ ಅಡಿಗೆ ತಾಗಿಸಿ ಭಾರ ತೆಗೆದುಕೊಳ್ಳಿ. ಕೆಳಗಿನ ಎರಡು ನಟ್ ಮೊದಲು, ಮೇಲಿನ ಎರಡು ಆಮೇಲೆ. ಮೇಲಿನದರಲ್ಲಿ ಒಂದು ಕಣ್ಣಿಗೆ ಕಾಣುವುದೇ ಇಲ್ಲ. ಫ್ಯಾನಿನ ತಗಡಿನ ಹಿಂದೆ ಕೈ ತೂರಿಸಿ, ಕಣ್ಣು ಮುಚ್ಚಿ ಬೆರಳಿನಲ್ಲೇ ಹುಡುಕಬೇಕು. ಗಡಿಯಾರ, ಉಂಗುರ ತೆಗೆದಿಡಿ. ಕೈ ಸಣ್ಣದಿರುವವರು ಮನೆಯಲ್ಲಿ ಯಾರಿದ್ದಾರೋ ಅವರನ್ನು ಕರೆಯಿರಿ, ನಮ್ಮಲ್ಲಿ ಆ ನಟ್ ಯಾವಾಗಲೂ ನನ್ನ ಮಗಳದ್ದೇ.

ನಾಲ್ಕೂ ಬಿಟ್ಟ ಮೇಲೆ ಎಂಜಿನ್ನನ್ನು ನೇರ ಹಿಂದಕ್ಕೆ ಎಳೆಯಬೇಕು. ಸುಮಾರು 10 ಸೆಂ.ಮೀ. ಬಂದ ಮೇಲೆ ಗೇರ್‌ಬಾಕ್ಸಿನ ಶಾಫ್ಟ್ ಬಿಡುತ್ತದೆ. ಅಲ್ಲಿಯವರೆಗೆ ಎಂಜಿನ್ ಒಂದು ಕೂದಲೂ ಕೆಳಗೆ ಜಗ್ಗಬಾರದು. ಜಗ್ಗಿದರೆ ಅಷ್ಟೂ ಭಾರ ಆ ಶಾಫ್ಟಿನ ಮೇಲೆ, ಪ್ಲೇಟಿನ ಮೇಲೆ ಬೀಳುತ್ತದೆ. ಆಮೇಲೆ ಮೆಲ್ಲನೆ ಇಳಿಸಿ. ನೆಲಕ್ಕೆ ಬಂತು, ಸಂತೋಷವಾಯಿತು, ಹೊರಗೆ ಎಳೆದರೆ ಬಂಪರಿನಡಿ ದಾಟುವುದಿಲ್ಲ! ಕಾರಿನ ಹಿಂಭಾಗ ಸಾಕಷ್ಟು ಎತ್ತರ ಇರಬೇಕು, ಬಂಪರ್ ನೆಲದಿಂದ ಮೂರು ಅಡಿಯಷ್ಟು. ಇದನ್ನು ಮೊದಲೇ ಅಳೆದು ಸ್ಟ್ಯಾಂಡ್ ಇಡಿ. ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ.

ಪ್ಲೇಟ್ ಮೊದಲೇ ತರಿಸಬೇಡಿ. 1965ರದ್ದಕ್ಕೆ 180 ಮಿ.ಮೀ. ಪ್ಲೇಟ್ ಇರಬೇಕು. ಆದರೆ ಇಷ್ಟು ವರ್ಷದಲ್ಲಿ ಯಾರಾದರೂ ದೊಡ್ಡ ಎಂಜಿನ್ ಕೂರಿಸಿದ್ದರೆ 200 ಆಗಿರುತ್ತದೆ. ಬಿಚ್ಚಿ, ಅಳೆದು, ಆಮೇಲೆ ತರಿಸಿ. ಫ್ಲೈವೀಲಿನ ನಡುವಿನ 36 ಮಿ.ಮೀ. ದೊಡ್ಡ ನಟ್ಟಿನೊಳಗೆ ಒಂದು ಸಣ್ಣ ಸೂಜಿ ಬೇರಿಂಗ್ ಉಂಟು, ಅದಕ್ಕೆ ಉಗುರಿನ ತುದಿಯಷ್ಟು ಗ್ರೀಸ್. ಜಾಸ್ತಿ ಹಾಕಿದರೆ ಅದು ಹಾರಿ ಪ್ಲೇಟಿಗೇ ಬೀಳುತ್ತದೆ. ಆ ನಟ್ಟನ್ನು ಸುಮ್ನೆ ಬಿಚ್ಚಲು ಹೋಗಬೇಡಿ, ಪುನಃ ಬಿಗಿ ಮಾಡಲು ಮನೆಯ ಸಾಮಾನು ಸಾಲುವುದಿಲ್ಲ. ಹಿಂದಿನ ಸೀಲ್ ಸೋರುತ್ತಿದ್ದರೆ ಮಾತ್ರ ಅದು ಬಿಚ್ಚಬೇಕು, ಆಗ ಗೊತ್ತಿದ್ದವರನ್ನು ಕರೆಯಿರಿ.

ಇನ್ನೊಂದು. ಫ್ಲೈವೀಲನ್ನು ಎರಡು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ಟಕ್ ಟಕ್ ಅಂತ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ, ಕೂದಲೆಳೆಯಷ್ಟು ಅಲುಗಾಟವನ್ನೂ ಅಳೆಯುವ ಡಯಲ್ ಗೇಜ್ ಹಾಕಿ ಅಳೆಸಿ. 0.15 ಮಿ.ಮೀ. ದಾಟಿದರೆ ಎಂಜಿನ್ನಿಗೇ ಕೆಲಸ ಉಂಟು. ಹೊರಗೆ ಇರುವಾಗಲೇ ತಿಳಿದರೆ ಒಳ್ಳೆಯದಲ್ವಾ?

ನಿಮ್ಮ ಪತ್ರ ಓದಿ ನನಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಾಯಿತು. ಅದರ ಗೇರ್‌ಬಾಕ್ಸನ್ನು ಕಾರಿನ ಒಳಗಿಂದಲೇ, ಸೀಟು ತೆಗೆದು, ಬಾಗಿಲಿನಲ್ಲಿ ಹೊರಗೆ ತರುವುದು. ಮಗುವನ್ನು ಎತ್ತಿಕೊಂಡು ಬಂದ ಹಾಗೆ. ಒಂದೊಂದು ಕಾರು ಒಂದೊಂದು ಮನೆತನ.

ಹೊಸ ಕಾರು, ಇಪ್ಪತ್ತೈದು ಸಾವಿರ ಕಿಲೋಮೀಟರಿಗೇ ಕ್ಲಚ್ ಹೋಯಿತು. ನಾನು ಕಲಿತದ್ದು ಈಚೆಗೆ. ನಿನ್ನಿಂದಲೇ ಹೋದದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಹೌದಾ?
— ಓದುಗರು, ಮಣಿಪಾಲ

ಅಮ್ಮಾ, ಬೇಜಾರು ಮಾಡಬೇಡಿ. ಅರ್ಧ ಹೌದು, ಅರ್ಧ ನಿಮ್ಮ ಊರಿನ ಏರುತಗ್ಗಿನ ಮಹಿಮೆ. ಏರಿನಲ್ಲಿ ವಾಹನಗಳ ಸಾಲು ನಿಂತಾಗ ಬ್ರೇಕ್ ಹಿಡಿಯದೆ, ಕ್ಲಚ್ಚನ್ನು ಅರ್ಧ ಬಿಟ್ಟು ಆಕ್ಸಿಲರೇಟರ್ ಕೊಟ್ಟು ಕಾರನ್ನು ತೂಗಿಸಿ ನಿಲ್ಲಿಸುತ್ತೀರಾ? ಹಾಗಾದರೆ ಅದೇ. ಕಾರು ನಿಂತಿದೆ, ಒಳಗೆ ಪ್ಲೇಟ್ ಮಾತ್ರ ಫ್ಲೈವೀಲಿಗೆ ಉಜ್ಜಿ ಉಜ್ಜಿ ಸುಡುತ್ತಿದೆ. ಕರಟ ಸುಟ್ಟಂಥ ವಾಸನೆ ಬಂದಿರಬೇಕಲ್ಲ?

ಹ್ಯಾಂಡ್‌ಬ್ರೇಕ್ ಎಳೆಯಿರಿ, ನ್ಯೂಟ್ರಲ್ ಮಾಡಿ, ಎಡಗಾಲನ್ನು ಪೆಡಲಿನಿಂದ ಪೂರ್ತಿ ತೆಗೆದು ಪಕ್ಕದಲ್ಲಿಡಿ. ಹೊರಡುವಾಗ ಫಸ್ಟ್ ಗೇರ್, ಕ್ಲಚ್ ಹಿಡಿಯುವ ಬಿಂದು ಬಂತು ಅಂದಾಗ ಕಾರಿನ ಮೂತಿ ಸ್ವಲ್ಪ ಏಳುತ್ತದೆ, ಆಗ ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ. ಕ್ಲಚ್ ಹೋದರೆ ದುಡ್ಡು ಕೊಡುವುದು ಅವನಲ್ಲ. ಓಡಿಸುವಾಗ ಪೆಡಲಿನ ಮೇಲೆ ಸುಮ್ನೆ ಕಾಲಿಟ್ಟುಕೊಳ್ಳುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಮನೆಯಲ್ಲಿ ದೂರುವವರಿಗೂ ಆ ಅಭ್ಯಾಸ ಇದೆಯಾ ಅಂತ ಒಂದು ದಿನ ಪಕ್ಕದಲ್ಲಿ ಕೂತು ನೋಡಿ.

ಮಗ ದುಬೈಯಲ್ಲಿ. ಅವನ ಕಾರು ಜೂನ್‌ನಿಂದ ಶೆಡ್ಡಿನಲ್ಲೇ ನಿಂತಿತ್ತು. ಈಗ ಸ್ಟಾರ್ಟ್ ಆಗುತ್ತದೆ, ಆದರೆ ಕ್ಲಚ್ ಒತ್ತಿದರೂ ಗೇರ್ ಬೀಳುವುದಿಲ್ಲ, ಕರ್ರ್ ಅನ್ನುತ್ತದೆ. ನಿಲ್ಲಿಸಿದ ಕಾರಿನ ಕ್ಲಚ್ ಹೋಗುವುದುಂಟಾ? ಮೆಕ್ಯಾನಿಕ್ ಬಿಚ್ಚಬೇಕು ಅನ್ನುತ್ತಿದ್ದಾರೆ.
— ಓದುಗರು, ಕುಂದಾಪುರ

ಹೋಗಿಲ್ಲ, ಅಂಟಿದೆ. ನಮ್ಮ ಮಳೆಗಾಲದಲ್ಲಿ ಗೋಡೆಗೇ ಬೂಸಲು ಬರುತ್ತದೆ, ಫ್ಲೈವೀಲ್ ಬೀಡುಕಬ್ಬಿಣದ್ದು, ಅದಕ್ಕೆ ತುಕ್ಕು ಬಾರದೆ ಇರುತ್ತದಾ? ಮೂರು ತಿಂಗಳು ಪ್ಲೇಟ್ ಅದರ ಮೇಲೆ ಒತ್ತಿಕೊಂಡು ಕೂತಿದೆ. ತುಕ್ಕು ಎರಡನ್ನೂ ಹಿಡಿದುಕೊಂಡಿದೆ. ಬಿಚ್ಚುವ ಮೊದಲು ಇದನ್ನು ಮಾಡಿ ನೋಡಿ.

ಕಾರನ್ನು ತಳ್ಳಿಕೊಂಡು ಖಾಲಿ ಬಯಲಿಗೆ ತನ್ನಿ. ಮುಂದೆ ಗೋಡೆ, ಬಾವಿಕಟ್ಟೆ, ಮಕ್ಕಳು ಯಾರೂ ಇರಬಾರದು. ಎಂಜಿನ್ನನ್ನು ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ ಆಫ್ ಮಾಡಿ. ಈಗ ಸೆಕೆಂಡ್ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಹಿಡಿದು, ಸ್ಟಾರ್ಟ್ ಮಾಡಿ. ಕಾರು ಹೊರಟೇಬಿಡುತ್ತದೆ, ಹೆದರಬೇಡಿ, ಬ್ರೇಕಿನ ಹತ್ತಿರ ಕಾಲಿರಲಿ. ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರ್ ಕೊಡಿ, ಬಿಡಿ, ಕೊಡಿ, ಬಿಡಿ. ನಾಲ್ಕೈದು ಸಲ ಹೀಗೆ ಜಗ್ಗಿದರೆ "ಟಪ್" ಅಂತ ಸದ್ದು ಬಂದು ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡದ್ದು ನಿಮಗೆ ಕೂಡಲೇ ಗೊತ್ತಾಗುತ್ತದೆ, ಎಂಜಿನ್ ಓಡುತ್ತಿರುತ್ತದೆ, ಕಾರು ಮೆಲ್ಲಗಾಗುತ್ತದೆ. ನಿಮಗೆ ಧೈರ್ಯ ಸಾಲದಿದ್ದರೆ ಆ ಮೆಕ್ಯಾನಿಕ್ಕನ್ನೇ ಕೂರಿಸಿ ಮಾಡಿಸಿ. ಇದಕ್ಕೆ ಮೊದಲು ಕೇಬಲ್ ತುಂಡಾಗಿಲ್ಲ, ಹೈಡ್ರಾಲಿಕ್ ಕ್ಲಚ್ಚಾದರೆ ಆಯಿಲ್ ಖಾಲಿಯಾಗಿಲ್ಲ ಅಂತ ಮಾತ್ರ ನೋಡಿಸಿಕೊಳ್ಳಿ.

ಆಮೇಲೆ ಒಂದು ಹತ್ತು ಕಿಲೋಮೀಟರ್ ಓಡಿಸಿ, ಉಳಿದ ತುಕ್ಕು ಉಜ್ಜಿ ಹೋಗುತ್ತದೆ. ಮರವಂತೆವರೆಗೆ ಹೋಗಿ, ಕಡಲು ನೋಡಿ, ಚಾ ಕುಡಿದು ಬನ್ನಿ. ಮುಂದಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಲದು, ಅಂಗಳದಲ್ಲೇ ಆದರೂ ಗೇರ್ ಹಾಕಿ ಹಿಂದೆ ಮುಂದೆ ಓಡಿಸಬೇಕು. ಮಗ ಫೋನ್ ಮಾಡಿದಾಗ ಕಾರು ಹೇಗಿದೆ ಅಂತ ಕೇಳಿದರೆ, ಬಿಚ್ಚುವ ಸಂಗತಿ ಸದ್ಯಕ್ಕೆ ಹೇಳಬೇಡಿ.